ಚೌರಪ್ಪನ ಗೋದಲಿಯ ಮಗು

ಬೆಳಿಗ್ಗೆ ಏಳು ಗಂಟೆಗೆ ಮಾಲೂರಿನ ರೈಲ್ವೆ ಗೇಟ್ ಕಾಯುವ ಚೌರಪ್ಪ ಬಾಲಯೇಸುವಿಗೆ ಸ್ನಾನ ಮಾಡಿಸಿದ. ಏಳೂಕಾಲಿಗೆ ಬಾಲಯೇಸು ಇರಲಿಲ್ಲ.

ಅದು ೧೯೩೭ರ ಡಿಸೆಂಬರ್ ಇಪ್ಪತ್ತನಾಲ್ಕು, ಕ್ರಿಸ್‌ಮಸ್ಸಿನ ಹಿಂದಿನ ದಿನ. ಬಾಲಯೇಸು ಎಂದರೆ ಅಂಗೈಯುದ್ದದ ಬೊಂಬೆ. ಚೌರಪ್ಪ ಚಿಕ್ಕವನಿದ್ದಾಗ ಅಪ್ಪ ಪ್ರತಿ ವರ್ಷವೂ ನಡುಮನೆಯ ಮೂಲೆಯಲ್ಲಿ ಹುಲ್ಲಿನ ಗೋದಲಿ ಕಟ್ಟಿ, ಮರಿಯಮ್ಮ, ಆಕೆಯ ಗಂಡ ಸೂಸೆಯಪ್ಪ, ಕುರಿಗಳ ಬೊಂಬೆ ನಿಲ್ಲಿಸಿ, ನಡುವೆ ಆ ಮಗುವನ್ನು ಮಲಗಿಸುತ್ತಿದ್ದ. ಅದಕ್ಕೂ ಮೊದಲು ಅವ್ವ ಬಚ್ಚಲಲ್ಲಿ ಮಗುವಿಗೆ ಎಣ್ಣೆ ಸವರಿ ಬಿಸಿನೀರು ಹಾಕುತ್ತಿದ್ದಳು. ಆಮೇಲೆ ಅಕ್ಕನ ಸರದಿ, ಕೊನೆಗೆ ಚೌರಪ್ಪನದು. ಅವನ ತನಕ ಬರುವಷ್ಟರಲ್ಲಿ ಹಂಡೆಯ ನೀರು ತಣ್ಣಗಾಗಿರುತ್ತಿತ್ತು.

ಅಪ್ಪ ಹೋಗಿ ಐದು ವರ್ಷ. ಗೋದಲಿ ಮಗನ ಪಾಲಿಗೆ ಬಂದದ್ದು ಚಿನ್ನದ ಗಣಿಗೆ ಕೊಟ್ಟಿದ್ದ ಅಕ್ಕ ಆರೋಗ್ಯಮ್ಮನಿಗೆ ಹಿಡಿಸಿರಲಿಲ್ಲ. "ಒಂದು ಕುರಿ ಕಿವಿ ಮುರಿದ್ರೂ ಅಷ್ಟನ್ನೂ ನಮ್ಮನೆಗೆ ತಗೊಂಡೋಗ್ತೀನಿ" ಎಂದು ಆಗಲೇ ಹೇಳಿದ್ದಳು. ವರ್ಷಕ್ಕೊಮ್ಮೆ ಬಂದು ಕುರಿಗಳ ಕಿವಿ ಸವರಿ ನೋಡುತ್ತಿದ್ದಳು. ಈ ಸಲ ಮೊದಲೇ ಯಾರ ಕೈಲೋ ಹೇಳಿ ಕಳಿಸಿದ್ದಳು: "ಎಲ್ಲಾ ಅವ್ವನ ಕಾಲದ ಹಾಗೇ ನಡೀಬೇಕು."

ಐದು ವರ್ಷದಿಂದ ಬರೀ ಬಟ್ಟೆಯಲ್ಲಿ ಧೂಳು ಒರೆಸುತ್ತಿದ್ದ ಚೌರಪ್ಪ ಹೆದರಿ ಹಂಡೆಗೆ ಉರಿ ಹಾಕಿದ. ಮೊದಲ ಚೊಂಬಿಗೆ ಮಗುವಿನ ಮೂಗು ಹೋಯಿತು, ಎರಡನೆಯದಕ್ಕೆ ಮುಖ. ಉಳಿದದ್ದು ಕೈಯಲ್ಲಿ ರಾಗಿ ಅಂಬಲಿಯಂತೆ ಬೆರಳ ಸಂದಿಯಿಂದ ಇಳಿಯಿತು.

"ಏನ್ಮಾಡಿದ್ರಿ!" ಕಜ್ಜಾಯ ಬೇಯಿಸುತ್ತಿದ್ದ ಹೆಂಡತಿ ಜಪಮಾಲೆ ಬಾಗಿಲಲ್ಲಿ ನಿಂತಳು. "ಸಂಜೆ ಗಾಡಿಗೆ ಅತ್ತಿಗೆ ಬರ್ತಾರೆ!"

"ಅವ್ವ ಅಷ್ಟು ವರ್ಷ ನೀರು ಹಾಕಿದ್ಳು ಕಣೇ, ಏನೂ ಆಗಿರ್ಲಿಲ್ಲ!"

ಗೋಡೆಯಾಚೆಯಿಂದ ಪಕ್ಕದ ಮನೆಯ ಶ್ಯಾಮಲಮ್ಮನ ದನಿ ಬಂತು. "ಏನಾಯ್ತು ಚೌರಪ್ಪಣ್ಣ? ಯಾರಿಗೇನಾಯ್ತು?" ಉತ್ತರ ಬರುವ ಮೊದಲೇ ಆಕೆ ಬಚ್ಚಲಲ್ಲಿದ್ದಳು. ವಿಷಯ ತಿಳಿದು ಕೆನ್ನೆಗೆ ಕೈ ಹಚ್ಚಿದಳು. "ಶಿವಾರಪಟ್ಟಣ ಪಕ್ಕದಲ್ಲೇ ಇಟ್ಕೊಂಡು ಅಳ್ತೀಯಲ್ಲಪ್ಪ? ಅಲ್ಲಿ ಆಚಾರ್‍ರು ಮಾಡದಿರೋ ದೇವರು ಯಾವುದೈತೆ?"

ಹೊಸ ಬೊಂಬೆ ತರಲು ಬೆಂಗಳೂರಿಗೆ ಹೋಗಿಬರೋಣವೆಂದರೆ ಗಾಡಿಗಳ ಹೊತ್ತು ಹೊಂದುತ್ತಿರಲಿಲ್ಲ. ಚೌರಪ್ಪ ಅರ್ಧ ದಿನ ರಜೆ ಬೇಡಿ, ಬಾಡಿಗೆ ಸೈಕಲ್ ಹತ್ತಿದ.

ಶಿವಾರಪಟ್ಟಣದ ಕೋದಂಡರಾಮಾಚಾರಿ ಉಳಿ ಕೆಳಗಿಡದೆ ಕೇಳಿದ. "ಮಲಗಿರೋ ದೇವರಾ? ರಂಗನಾಥ ಐತೆ. ಹಾವು ಇರ್‍ತದೆ, ಆಗ್ತದಾ?"

"ಹಾವು ಬೇಡ ಸ್ವಾಮಿ. ಮಗು ಬೇಕು."

ಮಗು ಒಂದೇ ಒಂದಿತ್ತು, ಅಂಬೆಗಾಲು ಕೃಷ್ಣ. ಬೆಣ್ಣೆ ಹಿಡಿದ ಕೈ ಮುರಿದು ಭಿನ್ನವಾಗಿದ್ದರಿಂದ ಹೇಳಿ ಮಾಡಿಸಿದವರು ಬಿಟ್ಟುಹೋಗಿದ್ದರು. ಕರೀ ಕಲ್ಲು, ತಲೆಯ ಮೇಲೆ ನವಿಲುಗರಿ.

"ಗರಿ ಕೆತ್ತಿ ತೆಗೀಬೋದಾ?"

"ತೆಗೀಬೋದು. ತಲೆ ಜೊತೆಗೆ ಬರ್‍ತದೆ."

ಚೌರಪ್ಪ ಗರಿಯ ಸಮೇತ ತಂದ. ದಾರಿಯಲ್ಲಿ ಎರಡು ಕಡೆ ಚೈನು ಕಳಚಿತು. ಮನೆ ಮುಟ್ಟುವಾಗ ಐದು ಗಂಟೆ. ಗೋದಲಿಯಲ್ಲಿ ಮಗುವನ್ನು ಬೆನ್ನಿನ ಮೇಲೆ ಮಲಗಿಸಿದರೆ ಮಗುಚಿಬಿದ್ದ ಆಮೆಯಂತೆ ಕೈಕಾಲು ಮೇಲಕ್ಕೆ ನಿಂತವು. ಸರಿಯಾಗಿ ಇಟ್ಟರೆ ಸೂಸೆಯಪ್ಪನ ಕಡೆಗೆ ಹೊರಟಂತಿತ್ತು. ಜಪಮಾಲೆ ಮುಖಕ್ಕೆ ಅಕ್ಕಿಹಿಟ್ಟು ಬಳಿದಳು. ಹಿಟ್ಟು ಬಳಿದ ಕೃಷ್ಣ ಜ್ವರ ಬಂದು ಎದ್ದವನಂತೆ ಕಂಡ. ಕೊನೆಗೆ ಪಂಚೆಯ ಚೂರಿನಲ್ಲಿ ಸುತ್ತಿ, ಮೂಗಿನ ತುದಿ ಮಾತ್ರ ಬಿಟ್ಟರು.

ಅಷ್ಟರಲ್ಲಿ ಶ್ಯಾಮಲಮ್ಮ ಬಂದು ಬಟ್ಟೆ ಸರಿಸಿದಳು. "ಅಯ್ಯೋ ನಮ್ಮಪ್ಪ, ಚಿನ್ನಿ ಕೃಷ್ಣುಡು! ಜಪಮಾಲೆ, ಬೆಣ್ಣೆ ಐತೇನೇ?"

"ಶ್ಯಾಮಲಮ್ಮೋರೇ, ನಿಮ್ಮ ದಮ್ಮಯ್ಯ, ಇವತ್ತೊಂದಿನ ಅವನು ಕೃಷ್ಣ ಅಲ್ಲ!"

"ನೀನು ಅಲ್ಲ ಅಂದ್ರೆ ಆಗ್ತದೇನಪ್ಪ?" ಎಂದು ಆಕೆ ಹಿಟ್ಟಿನ ಹಣೆಗೆ ಕುಂಕುಮ ಇಟ್ಟು, ಬೀದಿಯ ಹೆಂಗಸರನ್ನು ಕರೆಯಲು ಹೋದಳು.

ಗಾಡಿಯ ಕೂಗು ಕೇಳಿಸಿತು. ಜಪಮಾಲೆ ಬಾಗಿಲು ಹಾಕಿಕೊಂಡು ಕುಂಕುಮ ಒರೆಸಿದಳು. ಹಿಟ್ಟು ಕೆಂಪಾಯಿತು. ಚೌರಪ್ಪ ಬಟ್ಟೆಯನ್ನು ಮೂಗಿನ ಮೇಲೂ ಎಳೆದ.

ಆರೋಗ್ಯಮ್ಮ ಒಳಗೆ ಬಂದು ಚೀಲವನ್ನು ಕೆಳಗಿಡಲಿಲ್ಲ. ಕುರಿಗಳ ಕಿವಿಯನ್ನೂ ಮುಟ್ಟಲಿಲ್ಲ. ನೇರವಾಗಿ ಗೋದಲಿಯ ಮುಂದೆ ಕೂತು ಬಿಕ್ಕಿಬಿಕ್ಕಿ ಅತ್ತಳು.

"ಲೇ ಚೌರ, ನಿಂಗೆ ಮೋಸ ಮಾಡಿದೆ ಕಣೋ" ಎಂದಳು ಅಕ್ಕ. "ಅಪ್ಪ ತೀರ್ಕೊಂಡ ವರ್ಷ ಅವ್ವ ನೀರು ಹಾಕ್ತಿದ್ದ ಮಗೂನ ನಾನೇ ಬಚ್ಚಿಟ್ಕೊಂಡು ಹೋದೆ. ಅದು ಹಲಸಿನ ಮರದ್ದು. ಅದೇ ಥರಾ ಬಣ್ಣ ಹೊಡೆಸಿ ಮಣ್ಣಿಂದು ನಿನ್ನ ಟ್ರಂಕಲ್ಲಿಟ್ಟೆ. ಐದು ವರ್ಷ ನೆಟ್ಟಗೆ ನಿದ್ದೆ ಮಾಡಿಲ್ಲ. ತಗೋ, ಇದು ನಿಂದೇ." ಚೀಲದಿಂದ ತೆಗೆದದ್ದು ನಿಜವಾದ ಮಗು, ಎಣ್ಣೆ ಕುಡಿದು ಹೊಳೆಯುತ್ತಿತ್ತು.

ಬೆಳಗಿನಿಂದ ಚೌರಪ್ಪನ ಎದೆಯ ಮೇಲೆ ಕೂತಿದ್ದ ಗೂಡ್ಸ್ ಗಾಡಿ ಇಳಿದುಹೋಯಿತು. ಅವನು ಎರಡು ಕೈಯನ್ನೂ ಚಾಚಿ ನಕ್ಕುಬಿಟ್ಟ.

"ಅದಕ್ಕೇ ಕರಗೋಯ್ತು!"

ಆರೋಗ್ಯಮ್ಮನ ಅಳು ನಿಂತಿತು. "ಏನು ಕರಗೋಯ್ತು?"

ಜಪಮಾಲೆ ಕಣ್ಣು ಮುಚ್ಚಿಕೊಂಡಳು. ಅಕ್ಕ ಗೋದಲಿಯ ಬಟ್ಟೆ ಎತ್ತಿದಳು. ಕೆಂಪು ಹಿಟ್ಟಿನ ಮುಖದ, ಒಂದು ಕೈಯಿಲ್ಲದ ಮಗು ನವಿಲುಗರಿ ಮುಂದೆ ಮಾಡಿಕೊಂಡು ಅವಳ ಕಡೆ ಬರುತ್ತಿತ್ತು.

"ಮರದ್ದಾಗಿದ್ರೆ ಕರಗ್ತಿರ್ಲಿಲ್ಲ ಅಕ್ಕಾ" ಎಂದ ಚೌರಪ್ಪ ಮೆಲ್ಲಗೆ.

"ಮರದ್ದಾಗಿದ್ರೆ ನೀನು ಹಂಡೆ ಒಲೆಗೆ ತುರುಕ್ತಿದ್ದೆ!"

ಮರದ ಮಗು ಅಕ್ಕನ ಚೀಲಕ್ಕೆ ವಾಪಸು ಹೋಯಿತು. ಹಬ್ಬದ ಮಧ್ಯಾಹ್ನ ಊಟವಾದ ಮೇಲೆ ಆರೋಗ್ಯಮ್ಮ ಮರಿಯಮ್ಮ, ಸೂಸೆಯಪ್ಪ ಮತ್ತು ಕುರಿಗಳನ್ನು ಟ್ರಂಕಿಗೆ ತುಂಬಿಕೊಂಡು ಗಣಿಗೆ ಹೊರಟಳು. ಟ್ರಂಕನ್ನು ಸ್ಟೇಷನ್ನಿಗೆ ಹೊತ್ತವನು ಚೌರಪ್ಪ.

ಸೋಮವಾರ ಅವನು ಕೃಷ್ಣನನ್ನು ಹಿಂದಕ್ಕೆ ಕೊಡಲು ಶಿವಾರಪಟ್ಟಣಕ್ಕೆ ಹೋದ. "ಕುಂಕುಮ ಇಟ್ಟಾಗೈತೆ, ಇನ್ನು ಇದು ನಿಮ್ಮನೆ ದೇವರು" ಎಂದು ಆಚಾರಿ ತೆಗೆದುಕೊಳ್ಳಲಿಲ್ಲ.