ಒಡಪಿನಲ್ಲಿ ನೀರು ಕೇಳಿದ್ದಕ್ಕೆ ಸಮಜಾಯಿಷಿ

ಜಲಸೌಖ್ಯ ಪಂಪ್ಸ್ ಕಂಪನಿಯ ‘ಸಾಮಾಜಿಕ ಜಾಲತಾಣ ಶಿಸ್ತು ಸಮಿತಿ’ಯ ಸಮಸ್ತ ಸದಸ್ಯರಿಗೆ,
ಹಡಪಸರ, ಪುಣೆ.

ಮಾನ್ಯರೇ,

ತಮ್ಮ ಕಂಪನಿಯ ಡಿಸ್ಪ್ಯಾಚ್ ವಿಭಾಗದಲ್ಲಿ ಕರಾರಿನ ಮೇಲೆ ಗುಮಾಸ್ತಿಕೆ ಮಾಡಿಕೊಂಡಿರುವ ಸುಮಂಗಲಾ ಮಾಡುವ ಅನಂತ ನಮಸ್ಕಾರಗಳು. ಇಡೀ ನಾಡಿಗೆ ನೀರೆತ್ತುವ ಪಂಪು ಮಾಡಿ ಕಳಿಸುವ ಕೆಲಸದ ನಡುವೆಯೂ ಬಿಡುವು ಮಾಡಿಕೊಂಡು ನನ್ನಂಥವಳ ವಾಟ್ಸಾಪ್ ಸ್ಟೇಟಸ್ಸನ್ನು ನೋಡಿದಿರಲ್ಲ, ಅದಕ್ಕೆ ಮೊದಲು ಕೃತಜ್ಞತೆ ಸಲ್ಲಬೇಕು. ನನ್ನ ಸ್ವಂತ ತಮ್ಮ ಕೂಡ ಇಷ್ಟು ಶ್ರದ್ಧೆಯಿಂದ ನೋಡುವುದಿಲ್ಲ.

ಈ ಪತ್ರವನ್ನು ಕನ್ನಡದಲ್ಲಿ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ. ನನ್ನ ಕನ್ನಡವನ್ನು ತಾವು ಈಗಾಗಲೇ ಒಮ್ಮೆ ಕಂಪನಿಯ ವೇಳೆಯಲ್ಲಿ ಮರಾಠಿಗೆ ಮಾಡಿಸಿ ಓದಿದ್ದೀರಿ, ಇನ್ನೊಮ್ಮೆಯೂ ಓದುವಿರೆಂಬ ಭರವಸೆ ನನಗಿದೆ. ಅದನ್ನು ಮಾಡಿಕೊಟ್ಟವರು ಅಕೌಂಟ್ಸ್ ವಿಭಾಗದ ನಮ್ಮ ವಿಜಾಪುರದ ಮೋಹನದಾಸ್. ಮರುದಿನ ಕ್ಯಾಂಟೀನಿನಲ್ಲಿ ಸಿಕ್ಕಾಗ ಅವರು, “ಅಕ್ಕಾರ, ಭಾಳ ಚಂದ ಮಾಡಿ ಹೇಳೀನ್ರಿ. ಮೊದಲ ಎಲ್ಲಾರೂ ನಕ್ಕರು, ಆಮ್ಯಾಲ ನಕ್ಕಿದ್ದು ತಪ್ಪಾತಂತ ಸಿಟ್ಟಿಗೆದ್ರು” ಎಂದರು. ಸಮಿತಿಗೆ ನಗಲೂ ಬರುತ್ತದೆ ಎಂದು ತಿಳಿದು ಸಂತೋಷವಾಯಿತು.

ಈಗ ನನ್ನ ಅಪರಾಧದ ವಿಷಯ. ಮಹಾನಗರಪಾಲಿಕೆಯ ಚುನಾವಣೆಗೆ ನಿಂತ ಉಮೇದುವಾರರು, ಅಂದರೆ ನಮ್ಮ ಮಾಲೀಕರ ಬೀಗರು, ಸಂಕ್ರಾಂತಿಯ ನಿಮಿತ್ತ, ಕನ್ನಡದವರೇ ಹೆಚ್ಚಿರುವ ನಮ್ಮ ವಠಾರದ, ಅಂದರೆ ತಮ್ಮ ಭಾಷೆಯ ಚಾಳಿನ, ಹೆಂಗಸರಿಗೆಲ್ಲ ಅರಿಸಿನ-ಕುಂಕುಮದ ಸಮಾರಂಭ ಇಟ್ಟಿದ್ದರು. ಮಂಟಪ, ಎಳ್ಳುಂಡೆ, ತಲೆಗೊಂದು ಸ್ಟೀಲಿನ ಡಬ್ಬಿ, ಡಬ್ಬಿಯ ಮುಚ್ಚಳದ ಮೇಲೆ ಅವರದೇ ನಗುಮುಖ. ಅಲ್ಲಿ ನನ್ನನ್ನು ವೇದಿಕೆಗೆ ಕರೆದು ಒಡಪು ಹೇಳಲು ಹಚ್ಚಿದರು. ನಮ್ಮ ಕಡೆ ಗಂಡನ ಹೆಸರನ್ನು ಬರಿದೇ ಹೇಳುವುದಿಲ್ಲ, ಪ್ರಾಸದೊಳಗೆ ಹುದುಗಿಸಿ ಹೇಳುತ್ತೇವೆ. ತಾವು ಅದನ್ನೇ ಉಖಾಣಾ ಎನ್ನುತ್ತೀರಿ. ಮಲ್ಲಿಗೆ ಸಂಪಿಗೆ ಇರುವ ಹಳೆಯದೊಂದನ್ನು ನೆನಪು ಮಾಡಿಕೊಂಡೇ ಹೋಗಿದ್ದೆ. ಆದರೆ ಬೆಳಗಿನಿಂದ ಟ್ಯಾಂಕರಿಗೆ ಕಾದು, ಎರಡು ಕೊಡಕ್ಕೆ ಜಗಳಾಡಿ ಬಂದ ಬಾಯಿಗೆ ಮಲ್ಲಿಗೆ ಬರಲಿಲ್ಲ. ಬಂದದ್ದು ಇದು:

ಮುಗಿಲೆತ್ತರ ಟಾಕಿ, ಗ್ವಾಡಿಗೊಂದು ನಳ,
ಎಲೆಕ್ಷನ್ ಬಂದಾಗಷ್ಟ ನೀರಿನ ಸಪ್ಪಳ;
ಕೊಡ ಹೊತ್ತು ಸೊಂಟ ಹಿಡಕೊಂಡಾರ ಧರ್ಮಣ್ಣ,
ಹೆಸರು ಹೇಳೀನಿ, ಈಗರ ನೀರ ಬಿಡ್ರಣ್ಣ.

ಮಂಟಪವೆಲ್ಲ ನಕ್ಕಿತು. ಪಕ್ಕದಲ್ಲಿದ್ದವರಿಂದ ಅರ್ಥ ಕೇಳಿ ತಿಳಿದುಕೊಂಡ ಮಾಲೀಕರ ಪತ್ನಿಯವರು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿ ನನಗೆ ಇನ್ನೊಂದು ಡಬ್ಬಿ ಕೊಡಿಸಿದರು. ಆ ಖುಷಿಯಲ್ಲಿ ವಿಡಿಯೊವನ್ನು ಸ್ಟೇಟಸ್ಸಿಗೆ ಹಾಕಿದೆ. ನೋಡಿದವರು ಮತ್ತೊಬ್ಬರಿಗೆ ಕಳಿಸಿದರು, ಅವರು ಮಗದೊಬ್ಬರಿಗೆ. ಹೀಗೆ ಊರೆಲ್ಲ ಸುತ್ತಿ ಅದು ತಮ್ಮ ಸಮಿತಿಯ ಮೇಜಿನ ಮೇಲೆ ಬಂದು ಕೂತಿತು.

‘ಸಿಬ್ಬಂದಿ ತಮ್ಮ ಖಾಸಗಿ ಖಾತೆಗಳಲ್ಲಿಯೂ ರಾಜಕೀಯ ಅಭಿಪ್ರಾಯ ವ್ಯಕ್ತಪಡಿಸತಕ್ಕದ್ದಲ್ಲ, ಕುಟುಂಬ, ಹಬ್ಬ, ಅಡುಗೆ ಇತ್ಯಾದಿಗಳ ಬಗ್ಗೆ ಹಂಚಿಕೊಳ್ಳಬಹುದು’ ಎಂಬ ತಮ್ಮ ನಿಯಮವನ್ನು ಭಕ್ತಿಯಿಂದ ಓದಿಕೊಂಡಿದ್ದೇನೆ. ಆದರೂ ನನ್ನ ದಡ್ಡತನಕ್ಕೆ ಒಂದು ಸಂಗತಿ ತಿಳಿಯುತ್ತಿಲ್ಲ. ಸಂಕ್ರಾಂತಿ ಹಬ್ಬ. ಧರ್ಮಣ್ಣ ಕುಟುಂಬ. ಅವರ ಸೊಂಟವೂ ಕುಟುಂಬಕ್ಕೇ ಸೇರಿದ್ದು. ಹಾಗಾದರೆ ಆ ಸೊಂಟದ ಮೇಲಿನ ಕೊಡ ಎಲ್ಲಿಂದ ರಾಜಕೀಯವಾಗುತ್ತದೆ? ಖಾಲಿ ಇದ್ದಾಗಲೋ, ತುಂಬಿದ ಮೇಲೋ? ಒಡಪಿನಲ್ಲಿ ನಾನು ಯಾರ ಹೆಸರನ್ನೂ ಎತ್ತಿರಲಿಲ್ಲ, ನನ್ನ ಗಂಡನದನ್ನು ಬಿಟ್ಟು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವರು ಬೇರೆಯವರು, ನೋಟಿಸು ಬಂದದ್ದು ಮಾತ್ರ ನನಗೆ.

ಅಭಿಪ್ರಾಯವೆಂದರೆ ಏನು ಎಂಬುದನ್ನು ಕಲಿಸಲು ಸಮಿತಿ ಪಡುತ್ತಿರುವ ಶ್ರಮವನ್ನೂ ನಾನು ಮರೆತಿಲ್ಲ. ಮಾಲೀಕರು ಬೀಗರಿಗೆ ಹಾರ ಹಾಕಿ ‘ಇವರೇ ನಮ್ಮ ಭವಿಷ್ಯ’ ಎಂದು ಫೇಸ್‌ಬುಕ್ಕಿಗೆ ಹಾಕಿದ ಫೋಟೊವನ್ನು ಮಧ್ಯಾಹ್ನದೊಳಗೆ ಎಲ್ಲರೂ ಲೈಕ್ ಮಾಡತಕ್ಕದ್ದೆಂದು ಆಫೀಸಿನ ಗುಂಪಿನಲ್ಲಿ ಅಪ್ಪಣೆಯಾಗಿತ್ತು. ಲೈಕ್ ಮಾಡದವರ ಹೆಸರನ್ನು ಸಂಜೆ ಅದೇ ಗುಂಪಿನಲ್ಲಿ ಓದಲಾಯಿತು. ಅದು ಅಭಿಪ್ರಾಯವಲ್ಲ, ಸೌಜನ್ಯ ಎಂದು ಆಮೇಲೆ ಗೊತ್ತಾಯಿತು. ಹೆಬ್ಬೆರಳು ಎತ್ತಿದರೆ ಸೌಜನ್ಯ, ಬಾಯಿ ತೆರೆದರೆ ಅಭಿಪ್ರಾಯ. ಇಷ್ಟು ಸ್ಪಷ್ಟವಾದ ನಿಯಮ ನಮ್ಮ ಚಾಳಿನ ನೀರಿಗಾದರೂ ಇದ್ದಿದ್ದರೆ ನಾವು ಬದುಕಿಕೊಳ್ಳುತ್ತಿದ್ದೆವು.

ತಮ್ಮ ಸಮಿತಿಯ ಸಪ್ನಾ ಮೇಡಂ ನನ್ನನ್ನು ಒಳಗೆ ಕರೆದು ಕೂರಿಸಿ, ಚಹಾ ಕೊಟ್ಟು, ನನ್ನ ಕಾಯಂ ನೌಕರಿಯ ಆದೇಶ ತಯಾರಾಗಿದೆ, ಸಹಿ ಮಾತ್ರ ಬಾಕಿ ಎಂದು ತೋರಿಸಿದರು. ಅದರಲ್ಲಿ ನನ್ನ ಹೆಸರು ಎಷ್ಟು ಚೆನ್ನಾಗಿ ಅಚ್ಚಾಗಿತ್ತೆಂದರೆ ನನಗೆ ಕಣ್ಣು ತುಂಬಿ ಬಂತು. ಆಮೇಲೆ ಅವರು ಬಹಳ ಮೃದುವಾಗಿ, “ತಾಈ, ದೋನ್ ಮಿನಿಟಾಂಚಾ ವಿಡಿಯೊ, ಬಸ್” ಎಂದರು. ಎರಡೇ ನಿಮಿಷದ ವಿಡಿಯೊ: ನಮ್ಮ ಚಾಳಿನಲ್ಲಿ ದಿನಾಲು ನೀರು ಬರುತ್ತದೆ, ನಾನು ಹೇಳಿದ್ದು ಬರೀ ತಮಾಷೆಗೆ ಎಂದು ಹೇಳಿ ನನ್ನದೇ ಸ್ಟೇಟಸ್ಸಿಗೆ ಹಾಕಬೇಕು. ಸೋಮವಾರದೊಳಗೆ ಹಾಕಿದರೆ ಸಹಿ, ಇಲ್ಲವಾದರೆ ಕರಾರು ಮುಂದುವರಿಯುವುದಿಲ್ಲ.

ಮಾನ್ಯರೇ, ಇಲ್ಲಿ ಒಂದು ತೊಡಕಿದೆ. ಆ ಒಡಪು ಊರು ಸುತ್ತಿದ ಮೇಲೆ ವಾರ್ಡ್ ಆಫೀಸಿನಿಂದ ಒಬ್ಬ ಇಂಜಿನಿಯರು ಬಂದು ಪೈಪು ಎಲ್ಲಿ ಕಟ್ಟಿಕೊಂಡಿದೆ ಎಂದು ನೋಡಿ, ಹೆಂಗಸರೆಲ್ಲರ ಅರ್ಜಿಯನ್ನು ತೆಗೆದುಕೊಂಡು ಹೋಗಿದ್ದಾರೆ. ನಾಳೆ ನಾನೇ ನೀರು ಬರುತ್ತದೆ ಎಂದರೆ ಆ ಅರ್ಜಿ ರದ್ದಿಗೆ ಹೋಗುತ್ತದೆ. ಪಕ್ಕದ ಮನೆಯ ಶಿವಗಂಗವ್ವ ಯಾದಗಿರಿ ಕಡೆಯವಳು, ಕಟ್ಟಡದ ಕೆಲಸಕ್ಕೆ ಹೋಗುತ್ತಾಳೆ, ಮನೆಯಲ್ಲಿ ಬಾಣಂತಿ ಸೊಸೆ. ಅವಳಿಗೆ ವಿಷಯ ಹೇಳಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ. ಅವಳು ಕೊಡ ಕೆಳಗಿಡದೆಯೇ, “ನೀ ಹೇಳಿಬಿಡವಾ ಯವ್ವಾ, ಇಂಥಾ ನೌಕರಿ ಮತ್ತ ಸಿಗೂದಿಲ್ಲ. ನಮಗೇನ್, ಹೊತ್ತು ರೂಢಿ ಅದ” ಎಂದು ಹೋದಳು. ಬೈದಿದ್ದರೆ ಚೆನ್ನಾಗಿತ್ತು. ಆ ದಿನ ನನಗಾದಷ್ಟು ನಾಚಿಕೆ ತಮ್ಮ ನೋಟಿಸಿನಿಂದಲೂ ಆಗಿರಲಿಲ್ಲ.

ಆದ್ದರಿಂದ ತಮ್ಮಲ್ಲಿ ಕೆಲವು ವಿನಂತಿಗಳು. ಸಮಿತಿಯ ಸದಸ್ಯರೊಬ್ಬರನ್ನು ಬೆಳಗಿನ ಹೊತ್ತು ನಮ್ಮ ಟ್ಯಾಂಕರಿನ ಬಳಿ ನೇಮಿಸಿ, ಕೊಡ ಹಿಡಿದವರು ಆಡಿಕೊಳ್ಳುವ ಮಾತುಗಳಲ್ಲಿ ಕುಟುಂಬ ಯಾವುದು, ರಾಜಕೀಯ ಯಾವುದು ಎಂದು ಸ್ಥಳದಲ್ಲೇ ಬಿಡಿಸಿ ಹೇಳಿಸಬೇಕು. ಬರುವವರು ತಮ್ಮದೊಂದು ಕೊಡವನ್ನೂ ತಂದರೆ ಅನುಕೂಲ. ಮುಂದಿನ ಹಬ್ಬಗಳಿಗೆ ಸಮಿತಿಯೇ ಒಡಪು ಕಟ್ಟಿ, ಮೊಹರು ಹಾಕಿ ಕಳಿಸಬೇಕು. ಧರ್ಮಣ್ಣ ಎಂಬುದಕ್ಕೆ ಸರಿಹೊಂದುವ, ಯಾರಿಗೂ ನೋವಾಗದ ಪ್ರಾಸ ಕಾನೂನು ಸಲಹೆಗಾರರ ಬಳಿ ಇರಬಹುದು. ಇನ್ನು, ನನಗೆ ಬಾಯಾರಿದಾಗ ಅದು ಕಂಪನಿಯ ಹೆಸರಿಗೆ ಧಕ್ಕೆ ತರದ ಹಾಗೆ ಬಾಯಾರುವುದು ಹೇಗೆ ಎಂಬುದರ ಬಗ್ಗೆ ಒಂದು ತರಬೇತಿ ಏರ್ಪಡಿಸಿದರೆ ನಾನೇ ಮೊದಲ ಸಾಲಿನಲ್ಲಿ ಕೂಡುತ್ತೇನೆ.

ಕಾಯಂ ನೌಕರಿ ನನಗೆ ಬೇಕು, ಬಹಳ ಬೇಕು. ಸೊಂಟ ಉಳುಕಿದಂದಿನಿಂದ ಧರ್ಮಣ್ಣ ಮನೆಯಲ್ಲಿದ್ದಾರೆ, ಒಲೆ ಹೊತ್ತುವುದು ನನ್ನ ಪಗಾರದಿಂದ. ಹೀಗಿದ್ದೂ, ಬಾರದ ನೀರನ್ನು ಬರುತ್ತದೆ ಎಂದು ಹೇಳಲು ನನ್ನಿಂದಾಗದು. ನಿಜವಾಗಿ ಬಂದ ದಿನ, ಯಾರು ಬಿಟ್ಟಿದ್ದಾರೋ ಅವರ ಹೆಸರನ್ನು ಹಾಡಿ ಹೊಗಳುತ್ತೇನೆ. ಅದಕ್ಕೂ ತಾವು ನೋಟಿಸು ಕೊಡಬಹುದು.

ಸೋಮವಾರದವರೆಗೆ ಕರಾರಿನಿಂದಲೂ, ಅದರಾಚೆಗೆ ಬರೀ ಗೌರವದಿಂದಲೂ,

ತಮ್ಮ ವಿಶ್ವಾಸಿ,
ಸುಮಂಗಲಾ ಧರ್ಮಣ್ಣ ಹೂಗಾರ

ತಾ.ಕ.: ಆದೇಶ ಮೀರಿದಳು ಎಂಬ ಮಾತು ಬರಬಾರದೆಂದು ಎರಡು ನಿಮಿಷದ ವಿಡಿಯೊವನ್ನು ಮಾಡಿ ಸ್ಟೇಟಸ್ಸಿಗೆ ಹಾಕಿದ್ದೇನೆ. ನಮ್ಮ ಮನೆಯ ನಳ ತಿರುಗಿಸಿ, ಕೆಳಗೆ ಕೊಡ ಇಟ್ಟು, ಪೂರ್ತಿ ಎರಡು ನಿಮಿಷ ಸುಮ್ಮನೆ ನಿಂತಿದ್ದೇನೆ. ನಾನು ತುಟಿ ಬಿಚ್ಚಿಲ್ಲ. ಅದರಲ್ಲಿ ಏನಾದರೂ ಅಭಿಪ್ರಾಯ ಕಂಡುಬಂದರೆ ಅದು ನಳದ್ದು, ದಯವಿಟ್ಟು ನೋಟಿಸನ್ನು ಅದಕ್ಕೇ ಕೊಡುವುದು.