ಕಡ್ಡಿಗೆ ಮೊನೆ

ಟಂಗ್‌ಸ್ಟನ್ ಕಡ್ಡಿಯ ತುದಿ ಕರಗಿದ ಸ್ಟೀಲಿಗೆ ತಾಗಿದ್ದು ಕಣ್ಣು ಮಿಟುಕಿಸುವಷ್ಟು ಹೊತ್ತು ಮಾತ್ರ. ಅಷ್ಟಕ್ಕೇ ಸೂಜಿಯಂತಿದ್ದ ಮೊನೆಯ ಮೇಲೆ ಸಾಸಿವೆ ಕಾಳು ಅಂಟಿಸಿದಂಥ ಗಂಟೊಂದು ಕೂತಿತು.

ನಂಜುಂಡನಿಗೆ ಐವತ್ತೆರಡು ವರ್ಷ. ವಾರವೆಲ್ಲ ಬ್ಯಾಂಕಿನಲ್ಲಿ ಕೆಲಸ. ರಜೆ ಬಂದರೆ ಮದರಾಸಿನ ಪೆರಂಬೂರಿನ ಬಾಡಿಗೆ ಮನೆಯ ಸ್ಕೂಟರ್ ಶೆಡ್ಡಿನಲ್ಲಿ, ಇಂಥ ಕಡ್ಡಿಯ ಮೊನೆಯಿಂದ ಬೆಂಕಿ ಹಾಯಿಸಿ ಲೋಹ ಬೆಸೆಯುವ ಟಿಗ್ ವೆಲ್ಡಿಂಗ್. ವಿಡಿಯೊ ನೋಡಿ ಕಲಿತ ವಿದ್ಯೆ. ಆ ಶನಿವಾರ ಬೆಳಿಗ್ಗೆ ಅವನು ಮಾಡುತ್ತಿದ್ದುದು ಅತ್ತೆ ಜಯಲಕ್ಷ್ಮಮ್ಮನವರಿಗೆ ಸ್ನಾನಕ್ಕೆ ಕೂರುವ ಸ್ಟೀಲ್ ಸ್ಟೂಲು. ಅವರಿಗೆ ಮಂಡಿಯ ಆಪರೇಷನ್ ಆಗಿತ್ತು. ಅಂಗಡಿಯಿಂದ ತಂದ ಪ್ಲಾಸ್ಟಿಕ್ ಸ್ಟೂಲು ಒಮ್ಮೆ ಜಾರಿತ್ತು; ಹೆಂಡತಿ ವಾಸಂತಿ ಹಿಡಿದುಕೊಳ್ಳದಿದ್ದರೆ ಮತ್ತೆ ಆಸ್ಪತ್ರೆಯೇ ಗತಿಯಾಗುತ್ತಿತ್ತು. "ಅಂಗಡೀದು ಬೇಡ, ಭಾನುವಾರದ ಹೊತ್ತಿಗೆ ನಾನೇ ಮಾಡಿಕೊಡ್ತೀನಿ" ಎಂದು ಅಳಿಯ ಮಾತು ಕೊಟ್ಟಿದ್ದ. ಮೂರು ಕಾಲು ಕೂತಿದ್ದವು. ನಾಲ್ಕನೆಯದಕ್ಕೆ ಈ ಗ್ರಹಚಾರ.

ಶೆಡ್ಡಿನಲ್ಲಿದ್ದ ಹಳೆ ಗ್ರೈಂಡರಿನ ಕಲ್ಲಿಗೆ ಕಡ್ಡಿಯನ್ನು ಒತ್ತಿದ. ಆ ಕಲ್ಲು ಅದುವರೆಗೆ ಉಜ್ಜಿದ್ದು ಕತ್ತಿ, ಕುಡುಗೋಲು, ಮುರಿದ ಬೀಗ. ಮೊನೆಯೇನೋ ಬಂತು. ಆದರೆ ವೆಲ್ಡಿಂಗ್ ಟಾರ್ಚ್ ಹಚ್ಚಿದರೆ ಬೆಂಕಿಯ ಎಳೆ ಹೇಳಿದ ಕಡೆ ನಿಲ್ಲದೆ, ಕಳ್ಳು ಕುಡಿದವನ ಹಾಗೆ ಅಕ್ಕಪಕ್ಕ ತೂರಾಡಿತು.

"ಎಂತ ಆಯ್ತು ಮಾರಾಯ್ರೆ?" ಎದುರು ಮನೆಯ ಸುಬ್ರಾಯ ಒಳಗೆ ಬಂದ. ಉಡುಪಿ ಕಡೆಯವನು. ಹೋಟೆಲೊಂದರ ಅಡುಗೆಮನೆ ಮೇಲ್ವಿಚಾರಕ. ಯಾವುದಕ್ಕೂ ಸಲಹೆ ಇಲ್ಲ ಎಂದವನಲ್ಲ. "ನಮ್ಮ ಹೋಟ್ಲಿಗೆ ಚೂರಿ ಮಸೆಯುವವ ಬರ್ತಾನೆ. ಅವನಿಗೆ ಕೊಡುವ."

ಮಹಡಿಯ ರತ್ನಾವತಿ ಕರಿಬೇವು ಕೊಡಲು ಬಂದವರು ಬಾಗಿಲಲ್ಲೇ ನಿಂತರು. ರೈಲ್ವೆ ಪೆನ್ಷನ್ ಬರುವ ಒಂಟಿ ಹೆಂಗಸು. ಮಾತು ಕಡಿಮೆ. "ನಂಜುಂಡನೋರೇ, ಆ ಕಲ್ಲು..." ಎಂದು ಶುರುಮಾಡಿದರು.

"ಕಲ್ಲಲ್ಲ ಅಮ್ಮಾ, ಇದಕ್ಕೆ ಬೇರೆ ಮಷೀನೇ ಬೇಕು" ಎಂದ ನಂಜುಂಡ, ಬ್ಯಾಂಕಿನ ಸಹೋದ್ಯೋಗಿ ಅಜಯ್‌ಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದ. ಅಜಯ್ ಯಾವ ವಸ್ತು ಕೊಳ್ಳುವ ಮೊದಲೂ ನಲವತ್ತು ವಿಮರ್ಶೆ ಓದುವವನು.

"ಸಾರ್, ಕಡ್ಡಿ ತುದೀಲಿ ಯಾವ ಬಣ್ಣ ಇದೆ?"

"ಕೆಂಪು."

"ಹಾಗಾದ್ರೆ ಅದ್ರಲ್ಲಿ ಥೋರಿಯಂ ಇರುತ್ತೆ. ಸ್ವಲ್ಪ ರೇಡಿಯೇಶನ್ ಸಾರ್. ಕಡ್ಡಿ ಏನೂ ಮಾಡಲ್ಲ, ಉಜ್ಜಿದ ಧೂಳು ಮೂಗಿಗೆ ಹೋಗಬಾರ್ದು, ಅಷ್ಟೆ."

'ಸ್ವಲ್ಪ' ಮತ್ತು 'ಅಷ್ಟೆ' ಶೆಡ್ಡಿನಲ್ಲೇ ಉಳಿದವು. 'ರೇಡಿಯೇಶನ್' ಮಾತ್ರ ಸುಬ್ರಾಯನ ಬಾಯಿಂದ ಮೆಟ್ಟಿಲು ಹತ್ತಿತು. ಹತ್ತು ನಿಮಿಷದಲ್ಲಿ ಕಟ್ಟಡದ ಕಿಟಕಿಗಳೆಲ್ಲ ಮುಚ್ಚಿಕೊಂಡವು. ಒಣಹಾಕಿದ್ದ ಬಟ್ಟೆ ಒಳಗೆ ಹೋದವು. ಹಿಂದಿನ ಮನೆಯಿಂದ ಮಾಲೀಕ ವೆಂಕಟೇಶ ಬಂದ. ಮೂರು ತಲೆಮಾರಿನಿಂದ ಮದರಾಸಿನಲ್ಲೇ ಇರುವ ಕುಟುಂಬ ಅವನದು.

"ಸಾರ್, ಇದೆಲ್ಲ ವೇಣಾಂ, ಬೇಡ ಸಾರ್. ಫ್ಯಾಮಿಲಿ ಇರೋ ಜಾಗ. ಧೂಳು ಈಚೆ ಬರದ ಮಷೀನ್ ಇದ್ರೆ ತನ್ನಿ. ಇಲ್ಲಾಂದ್ರೆ ಇವತ್ತೇ ಶೆಡ್ ಕಾಲಿ ಮಾಡಿ."

ಈಗ ಸ್ಟೂಲಿನ ಜೊತೆ ಶೆಡ್ಡೂ ಪಣಕ್ಕೆ ಬಿತ್ತು. ಮಷೀನು ಕೊಳ್ಳಲು ನಂಜುಂಡ ಬಸ್ಸು ಹತ್ತಿ ಪ್ಯಾರಿಸ್ ಕಾರ್ನರ್ ಪೇಟೆಗೆ ಹೊರಟ. ಕರೆಯದಿದ್ದರೂ ಸುಬ್ರಾಯ ಜೊತೆಗೆ ಬಂದ.

ಅಂಗಡಿಯವನು ಮೂರು ಬಗೆ ತೋರಿಸಿದ. ವಜ್ರದ ಪುಡಿ ಕೂರಿಸಿದ ಚಕ್ರವಿರುವ ಗ್ರೈಂಡರ್ ಒಂದು. ಕೈಯಲ್ಲಿ ಹಿಡಿಯುವಂಥದು ಇನ್ನೊಂದು, ಅದರಲ್ಲಿ ಒಂದೊಂದು ಕೋನಕ್ಕೆ ಒಂದೊಂದು ತೂತು. ಮೂರನೆಯದು ಮುಚ್ಚಿದ ಪೆಟ್ಟಿಗೆ. ಕಡ್ಡಿ ತೂರಿಸಿ ತಿರುಗಿಸಿದರೆ ಒಳಗೇ ಮೊನೆಯಾಗಿ, ಧೂಳು ಅಡಿಯ ತಟ್ಟೆಗೆ ಬೀಳುತ್ತದೆ.

"ಎತ್ತನೆ ಡಿಗ್ರಿ ಸಾರ್?" ಅಂಗಡಿಯವನು ತಮಿಳಿನಲ್ಲಿ ಕೇಳಿದ.

ಮೊನೆಯ ಕೋನ ಎಷ್ಟು ಡಿಗ್ರಿ ಇರಬೇಕೆಂಬುದು ನಂಜುಂಡನಿಗೂ ಗೊತ್ತಿರಲಿಲ್ಲ. ಅಜಯ್‌ಗೆ ಫೋನ್ ಮಾಡಿದರೆ ಮೊದಲು ಮೂವತ್ತೆಂದ, ಐದು ನಿಮಿಷ ಬಿಟ್ಟು ಅವನೇ ಮಾಡಿ ಇಪ್ಪತ್ತೆಂದ, ಮತ್ತೆ ಮಾಡಿ ಒಬ್ಬರು ಅರವತ್ತೂ ಬರೆದಿದ್ದಾರೆಂದ. "ಇದ್ರಲ್ಲಿ ತರಕಾರಿ ಚೂರಿ ಹೋಗ್ತದಾ?" ಎಂದು ಸುಬ್ರಾಯ ಮೂರೂ ಮಷೀನಿನ ಮುಂದೆ ಕೇಳಿದ. ಎರಡು ಗಂಟೆಯ ನಂತರ ನಂಜುಂಡ ಎಲ್ಲ ಕೋನಕ್ಕೂ ತಿರುಗುವ ಮುಚ್ಚಿದ ಪೆಟ್ಟಿಗೆಯನ್ನೇ ಕೊಂಡ. ಅದರ ಬೆಲೆಗೆ ಅತ್ತೆಗೆ ನಾಲ್ಕು ಸ್ಟೂಲು ಕೊಡಿಸಬಹುದಿತ್ತು ಎಂಬ ಯೋಚನೆ ಬಂತು. ಅದನ್ನು ಅಲ್ಲೇ ಅದುಮಿದ.

ವಾಪಸ್ ಬಸ್ಸಿನಲ್ಲಿ ಪೆಟ್ಟಿಗೆ ಅವನ ತೊಡೆಯ ಮೇಲಿತ್ತು. ಸುಬ್ರಾಯ ಹೆಂಡತಿ ಜಲಜಾಕ್ಷಿಗೆ ಫೋನಿನಲ್ಲಿ ವಿವರಿಸತೊಡಗಿದ. "ಹೌದು ಮಾರಾಯ್ತಿ, ರೇಡಿಯೇಶನ್ನಿನ ಪೆಟ್ಟಿಗೆಯೇ. ಇಲ್ಲೇ ಉಂಟು, ನಂಜುಂಡನವರ ಕಾಲ ಮೇಲೆ."

ಕನ್ನಡ ಬಾರದ ಬಸ್ಸಿಗೆ ಆ ಒಂದು ಪದ ಮಾತ್ರ ಚೆನ್ನಾಗಿ ಅರ್ಥವಾಯಿತು. ಮುಂದಿನ ಸೀಟು ಖಾಲಿಯಾಯಿತು, ಆಮೇಲೆ ಹಿಂದಿನದು. ನಿಂತವರೆಲ್ಲ ಡ್ರೈವರನ ಕಡೆ ಒತ್ತರಿಸಿದರು. ಕಂಡಕ್ಟರ್ ದೂರದಿಂದಲೇ ಸೀಟಿ ಊದಿ, ನಿಲ್ದಾಣವಲ್ಲದ ಕಡೆ ಇಬ್ಬರನ್ನೂ ಇಳಿಸಿದ. ಆಟೊದವನೊಬ್ಬ ನಿಂತ. "ಭಯ ಬೇಡ, ಇದ್ರಲ್ಲಿ ಎಂತದೂ ಹೊರಗೆ ಬರುದಿಲ್ಲ" ಎಂದು ಸುಬ್ರಾಯ ಧೈರ್ಯ ಹೇಳಿದ್ದೇ ತಡ, ಅವನೂ ಹೊರಟುಹೋದ. ಮಧ್ಯಾಹ್ನದ ಬಿಸಿಲಿನಲ್ಲಿ ನಂಜುಂಡ ಪೆಟ್ಟಿಗೆಯನ್ನು ಹಸುಗೂಸಿನಂತೆ ಎದೆಗವುಚಿಕೊಂಡು ಪೆರಂಬೂರಿನವರೆಗೂ ನಡೆದ.

ಮನೆ ತಲುಪಿದಾಗ ನಾಲ್ಕು ಗಂಟೆ. ಕಿಟಕಿಗಳೆಲ್ಲ ತೆರೆದಿದ್ದವು. ಅಂಗಳದ ನಡುವೆ ಜಯಲಕ್ಷ್ಮಮ್ಮ ಸ್ಟೀಲ್ ಸ್ಟೂಲಿನ ಮೇಲೆ ಕೂತು ಕಾಫಿ ಕುಡಿಯುತ್ತಿದ್ದರು. ಸ್ಟೂಲಿಗೆ ನಾಲ್ಕು ಕಾಲಿದ್ದವು.

"ಇದು ಯಾರು ಮಾಡಿದ್ದು?"

"ರತ್ನಾವತಿಯೋರು ಕಣ್ರೀ" ಎಂದಳು ವಾಸಂತಿ. "ಆ ಕಡ್ಡಿಯ ಕೆಟ್ಟ ತುದೀನ ಇಕ್ಕಳದಲ್ಲಿ ಪಟ್ಟಂತ ಮುರಿದ್ರು. ಕಬ್ಬಿಣದ ಪುಡಿ ಕೂತಿದ್ದ ಕಲ್ಲಿನ ಮೇಲ್ಪದರ ತೆಗೆದು ಶುದ್ಧ ಮಾಡಿದ್ರು. ಮೂಗಿಗೆ ಮಾಸ್ಕ್ ಹಾಕ್ಕೊಂಡು ಉಜ್ಜಿ, ಧೂಳನ್ನೆಲ್ಲ ಒದ್ದೆ ಬಟ್ಟೇಲಿ ಒರೆಸಿ ಎತ್ತಿಟ್ರು. ವೆಂಕಟೇಶನೋರು ಪಕ್ಕದಲ್ಲೇ ನಿಂತು ನೋಡ್ತಿದ್ರು."

"ಅವರಿಗೆ ಹೇಗೆ ಗೊತ್ತು?"

ರತ್ನಾವತಿ ಸೆರಗಿಗೆ ಕೈ ಒರೆಸಿಕೊಂಡರು. "ನಮ್ಮೆಜಮಾನ್ರು ಹೋದ್ಮೇಲೆ ಅವರ ಕೆಲಸ ನಂಗೆ ಕೊಟ್ರು, ರೈಲ್ವೆ ವರ್ಕ್‌ಶಾಪಲ್ಲಿ. ಇಪ್ಪತ್ತೆರಡು ವರ್ಷ ವೆಲ್ಡರಾಗಿದ್ದೆ."

"ನೀವು ಹೇಳಲೇ ಇಲ್ವಲ್ಲ."

"ಬೆಳಿಗ್ಗೆ ಹೇಳಕ್ಕೆ ಬಂದೆ. ಮಷೀನು ಬೇಕು ಅಂದ್ರಿ."

ನಂಜುಂಡ ಬಗ್ಗಿ ನೋಡಿದ. ತನ್ನ ಮೂರು ಕಾಲುಗಳ ಬೆಸುಗೆ ಒಣಗಿದ ಸಗಣಿಯಂತೆ ಉಬ್ಬುತಗ್ಗಾಗಿತ್ತು. ನಾಲ್ಕನೆಯದು ಮಲ್ಲಿಗೆ ದಂಡೆ ಕಟ್ಟಿದಷ್ಟು ಒಪ್ಪವಾಗಿತ್ತು. "ನಿಮ್ಮತ್ತೆ ಕೂರೋದು ಅಂತ ಆ ಮೂರನ್ನೂ ಒಳಗಡೆಯಿಂದ ಒಂದೊಂದು ಸುತ್ತು ಬೆಸೆದು ಗಟ್ಟಿ ಮಾಡಿದೀನಿ, ಬೇಜಾರ್ ಮಾಡ್ಕೋಬೇಡಿ" ಎಂದರು ರತ್ನಾವತಿ.

ಅವರು ಹೊಸ ಪೆಟ್ಟಿಗೆ ಬಿಚ್ಚಿ, ಕಡ್ಡಿಯೊಂದನ್ನು ತೂರಿಸಿ ತಿರುಗಿಸಿ, ಮೊನೆಯನ್ನು ಬೆಳಕಿಗೆ ಹಿಡಿದು ನೋಡಿದರು. "ಮಷೀನು ಪಸ್ಟ್‌ಕ್ಲಾಸಾಗಿದೆ."

ಅಷ್ಟು ಸಾಕಾಯಿತು. ವೆಂಕಟೇಶ ಗೇಟಿನ ಹಿಡಿಕೆ ಮುರಿದದ್ದನ್ನು ರತ್ನಾವತಿಗೆ ಹೇಳಿದ. ಸುಬ್ರಾಯ ಹೋಟೆಲಿನ ಸ್ಟೀಲ್ ತಟ್ಟೆಗಳ ಸ್ಟ್ಯಾಂಡು ತರುತ್ತೇನೆಂದ. ಜಯಲಕ್ಷ್ಮಮ್ಮ ಕಾಫಿ ಲೋಟ ಕೆಳಗಿಟ್ಟು ತೀರ್ಪು ಕೊಟ್ಟರು: "ಬೆಸುಗೆ ನೀವು ಹಾಕಿ ರತ್ನಮ್ಮ. ನಮ್ಮಳಿಯಂದ್ರು ಕಡ್ಡಿ ಚೂಪು ಮಾಡ್ಕೊಡ್ತಾರೆ. ಮಷೀನು ಅವರ ಹತ್ರ ಇದೆಯಲ್ಲ."

ಸಂಜೆ ಆರಕ್ಕೆ ಶೆಡ್ಡಿನಲ್ಲಿ ರತ್ನಾವತಿ ಗೇಟಿನ ಹಿಡಿಕೆ ಬೆಸೆಯುತ್ತಿದ್ದರು. ನಂಜುಂಡ ಪಕ್ಕದ ಮಣೆಯ ಮೇಲೆ ಕೂತು ಆರನೆಯ ಕಡ್ಡಿಗೆ ಮೊನೆ ಮಾಡುತ್ತಿದ್ದ.

"ಅಮ್ಮಾ, ನನಗೆ ಟಾರ್ಚು ಯಾವಾಗ ಕೊಡ್ತೀರಿ?"

"ನಂಗೆ ಐದು ವರ್ಷ ಬರೀ ಕಡ್ಡಿ ಉಜ್ಜಿದ ಮೇಲೆ ಕೊಟ್ರು. ಅದೂ ವಾರಕ್ಕೆ ಆರು ದಿನ ಉಜ್ಜಿದ್ದು." ರತ್ನಾವತಿ ಮುಖಕವಚ ಎತ್ತಿ ಅವನನ್ನೊಮ್ಮೆ ನೋಡಿದರು. "ನಿಮಗೆ ಎಲ್ಲಾ ಶನಿವಾರಾನೂ ರಜ ಇರುತ್ತಾ?"

"ಇಲ್ಲ. ಎರಡನೇದು, ನಾಲ್ಕನೇದು ಮಾತ್ರ."

"ಹಾಗಾದ್ರೆ ನಿಧಾನ ಆಗುತ್ತೆ" ಎಂದು ಅವರು ಕವಚ ಇಳಿಸಿ, ಮುಂದಿನ ಕಡ್ಡಿಗೆ ಕೈ ಚಾಚಿದರು.