ಭಾವನ ಸಣ್ಣ ಸಣ್ಣ ಬೀಗಗಳು

ನಮ್ಮ ಭಾವನಿಗೆ ಹುಚ್ಚು ಎಂದು ಕುಂದಾಪುರದ ಅರ್ಧ ಜನ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಹುಚ್ಚಿಗೆ ಮದ್ದಾದರೂ ಇದೆ! ಉಳಿದರ್ಧ ಜನ ಏನು ಹೇಳುತ್ತಾರೆ ಎಂದು ಕೇಳಬೇಡಿ. ಅವರು ಭಾವ ದೂರದಲ್ಲಿ ಕಂಡ ಕೂಡಲೇ ರಸ್ತೆಯ ಆಚೆ ಬದಿಗೆ ದಾಟುವವರು.

ಭಾವ ಎಂದರೆ ನನ್ನ ಅಕ್ಕನ ಗಂಡ. ಸಣ್ಣ ಪ್ರಾಯದಲ್ಲಿ ಮುಂಬೈಗೆ ಹೋಗಿ, ಹೋಟೆಲಿನಲ್ಲಿ ದುಡಿಯುತ್ತಾ, ಬಿಡುವಿನಲ್ಲಿ ಕಂಪ್ಯೂಟರ್ ಕಲಿತು, ಊರಿಗೆ ಬಂದು ರಿಪೇರಿ ಅಂಗಡಿ ಇಟ್ಟವರು. ಒಂದು ಕಾಲದಲ್ಲಿ ಆ ಅಂಗಡಿಯಲ್ಲಿ ನಿಲ್ಲಲು ಜಾಗ ಇರಲಿಲ್ಲ. ಈಗ ಎಲ್ಲರ ಕೈಯಲ್ಲೂ ಮೊಬೈಲು. ದಿನಕ್ಕೆ ಇಬ್ಬರು ಬಂದರೆ ಹೆಚ್ಚು. ಅದರಲ್ಲಿ ಒಬ್ಬರು ಬೈಂದೂರಿನ ಬಸ್ಸು ಹೋಯಿತಾ ಎಂದು ಕೇಳಲು ಬಂದವರು. ಖಾಲಿ ಅಂಗಡಿಯಲ್ಲಿ ಕೂತ ಮನುಷ್ಯ ಏನು ಮಾಡುತ್ತಾನೆ? ಪೇಪರ್ ಓದುತ್ತಾನೆ, ತೂಕಡಿಸುತ್ತಾನೆ. ನಮ್ಮ ಭಾವ ಇಡೀ ಜಗತ್ತಿನ ಕಂಪ್ಯೂಟರುಗಳನ್ನು ರಿಪೇರಿ ಮಾಡಲು ಹೊರಟರು.

ಶುರುವಾದದ್ದು ಬ್ರಹ್ಮಾವರದಲ್ಲಿ. ಅಲ್ಲೊಬ್ಬ ಹೆಂಗಸು ಝೆರಾಕ್ಸ್ ಅಂಗಡಿ ಇಟ್ಟುಕೊಂಡು ಜನರ ಅರ್ಜಿಗಳನ್ನು ಆನ್‌ಲೈನಿನಲ್ಲಿ ತುಂಬಿಸಿ ಕೊಡುತ್ತಿದ್ದರು. ಮುದಿ ಕಂಪ್ಯೂಟರ್. ನಾಲ್ಕು ಕೆಲಸ ಒಟ್ಟಿಗೆ ಕೊಟ್ಟರೆ ಕಣ್ಣು ಬಿಟ್ಟುಕೊಂಡು ನಿಲ್ಲುತ್ತಿತ್ತು. ಅಂಗಡಿಯ ಹೊರಗೆ ಜನ ಬೈಯುತ್ತಾ ನಿಲ್ಲುತ್ತಿದ್ದರು. ಬೇರೆ ರಿಪೇರಿಯವರಾಗಿದ್ದರೆ ಹೊಸದು ತೆಗೆದುಕೊಳ್ಳಿ ಎಂದು ಹೇಳಿ ಕೈತೊಳೆಯುತ್ತಿದ್ದರು. ಭಾವ ಮೂರು ದಿನ ಅದರ ಮುಂದೆ ಕೂತು ಕಾರಣ ಕಂಡುಹಿಡಿದರು. ಆಮೇಲೆ ನನ್ನನ್ನು ಕೂರಿಸಿ ವಿವರಿಸಿದರು. ನಿಮಗೂ ಹೇಳಿಬಿಡುತ್ತೇನೆ, ನಾನೊಬ್ಬನೇ ಯಾಕೆ ಅನುಭವಿಸಲಿ?

ಕಂಪ್ಯೂಟರಿನ ಮೆಮೊರಿ ಎಂದರೆ ಅಡುಗೆಮನೆ ಇದ್ದ ಹಾಗೆ. ಜಾಗ ಸಣ್ಣದು. ತುಂಬಿಹೋದಾಗ ಸದ್ಯಕ್ಕೆ ಬೇಡದ ಸಾಮಾನನ್ನು ಅದು ಅಟ್ಟಕ್ಕೆ ಏರಿಸುತ್ತದೆ, ಬೇಕಾದಾಗ ಇಳಿಸುತ್ತದೆ. ಆ ಅಟ್ಟದ ಹೆಸರು ಸ್ವಾಪ್. ಇಬ್ಬರು ಒಂದೇ ಹೊತ್ತಿಗೆ ಒಂದೇ ಮೂಲೆಗೆ ಕೈಹಾಕಿದರೆ ಸಾಮಾನು ಅದಲುಬದಲಾಗುತ್ತದಲ್ಲ? ಅದಕ್ಕೊಂದು ಬೀಗ. ಬೀಗದ ಕೈ ಇದ್ದವನು ಮಾತ್ರ ಹತ್ತಬೇಕು, ಉಳಿದವರು ಏಣಿಯ ಬುಡದಲ್ಲಿ ಕಾಯಬೇಕು. ಇಡೀ ಅಟ್ಟಕ್ಕೆ ಒಂದೇ ಬೀಗವಾದರೆ ಕಾಯುವುದೇ ಕೆಲಸ. ಅಟ್ಟವನ್ನು ಖಾನೆ ಖಾನೆ ಮಾಡಿ, ಖಾನೆಗೊಂದು ಸಣ್ಣ ಬೀಗ ಹಾಕಿದರೆ ಹತ್ತು ಜನ ಒಟ್ಟಿಗೆ ಹತ್ತಿ ಇಳಿಯಬಹುದು. ಇದು ಭಾವನ ಯೋಚನೆ.

ಹೊಸ ಮಿಷನ್ನುಗಳಲ್ಲಿ ಮೆಮೊರಿ ಬೇಕಾದಷ್ಟಿರುತ್ತದೆ, ಈ ರಗಳೆ ಯಾರಿಗೆ ಬೇಕು ಎಂದು ಕೇಳಿದೆ.

“ಹಳೆ ಮಿಷನ್ ಇಪ್ಪವ್ರಿಗೆ ಮರ್ಯಾದಿ ಬ್ಯಾಡ್ದಾ?” ಅಂದರು.

ಸರಿ, ಮರ್ಯಾದೆ ಬೇಕು. ಆದರೆ ಅದನ್ನು ಕುಂಭಾಶಿಯ ಮದುವೆಯಲ್ಲಿ ಪ್ರಯೋಗ ಮಾಡಬೇಕಿತ್ತೇ?

ನಮ್ಮ ಕಡೆ ಮದುವೆ ಊಟದ ಸಾಮಾನೆಲ್ಲ ಉಗ್ರಾಣದಲ್ಲಿರುತ್ತದೆ. ಉಗ್ರಾಣದವನ ಸೊಂಟದಲ್ಲಿ ಒಂದೇ ಬೀಗದ ಕೈ. ಉಪ್ಪಿನಿಂದ ತುಪ್ಪದವರೆಗೆ ಅವನೇ ಎದ್ದು ಬಂದು ಕೊಡಬೇಕು. ಅಡುಗೆಯವರು ಅವನ ಮುಂದೆ ಸಾಲು ನಿಂತದ್ದನ್ನು ಭಾವ ನೋಡಿದರು. ನೋಡಬಾರದಿತ್ತು! ಹುಡುಗಿಯ ತಂದೆಯನ್ನು ಪುಸಲಾಯಿಸಿ ಕಾಯಿಗೊಂದು ಪೆಟ್ಟಿಗೆ, ಬೆಲ್ಲಕ್ಕೊಂದು ಪೆಟ್ಟಿಗೆ, ಎಲ್ಲಕ್ಕೂ ಬೇರೆ ಬೇರೆ ಬೀಗ ಹಾಕಿಸಿದರು. ಒಮ್ಮೆ ಬೀಗದ ಕೈ ಪಡೆದವನು ತನ್ನ ಅಡುಗೆ ಮುಗಿಯುವವರೆಗೆ ಬಿಟ್ಟುಕೊಡಬೇಕಾಗಿಲ್ಲ ಎಂಬ ನಿಯಮ ಬೇರೆ. ಪಾಯಸದವನು ಬೆಲ್ಲದ ಕೈ ಹಿಡಿದು ಕಾಯಿಗೆ ಕಾದ. ಕಾಯಿ ಹೋಳಿಗೆಯವನು ಕಾಯಿಯ ಕೈ ಹಿಡಿದು ಬೆಲ್ಲಕ್ಕೆ ಕಾದ. ಮೊದಲು ನೀನು ಕೊಡು ಎಂದು ಇವನು, ನೀನು ಕೊಡು ಎಂದು ಅವನು. ಒಬ್ಬ ಬೈಂದೂರಿನವ, ಇನ್ನೊಬ್ಬ ಬ್ರಹ್ಮಾವರದವ. ಸೋಲುವ ಪ್ರಶ್ನೆಯೇ ಇಲ್ಲ. ಕಿರಿಮಂಜೇಶ್ವರದಿಂದ ಬಂದ ದಿಬ್ಬಣದವರು ಪಾಯಸವೂ ಇಲ್ಲದೆ, ಹೋಳಿಗೆಯೂ ಇಲ್ಲದೆ ಮಜ್ಜಿಗೆ ಅನ್ನ ಉಂಡು ಎದ್ದರು.

ಇದಕ್ಕೆ ಡೆಡ್‌ಲಾಕ್ ಎನ್ನುತ್ತಾರಂತೆ. ಎಲ್ಲರೂ ಮೊದಲು ಕಾಯಿಯ ಕೈ, ಆಮೇಲೆ ಬೆಲ್ಲದ ಕೈ ಎಂದು ಒಂದೇ ಕ್ರಮದಲ್ಲಿ ತೆಗೆದುಕೊಂಡಿದ್ದರೆ ಏನೂ ಆಗುತ್ತಿರಲಿಲ್ಲವಂತೆ. ಈ ಪರಿಹಾರ ಭಾವನಿಗೆ ಹೊಳೆದದ್ದು ಮರುದಿನ. ಹೊಳೆದದ್ದೇ ತಡ, ಹುಡುಗಿಯ ಮನೆಗೇ ಹೋಗಿ ತಿಳಿಸಿ ಬಂದರು! ಅಂದಿನಿಂದ ನೆಂಟರು ಮದುವೆಗಳಿಗೆ ಅಕ್ಕನನ್ನು ಮಾತ್ರ ಕರೆಯುತ್ತಾರೆ. ಅಕ್ಕ ಹೋಗುವುದಿಲ್ಲ.

ಇಷ್ಟಕ್ಕೇ ನಿಂತಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಕಂಪ್ಯೂಟರಿನ ತಳದಲ್ಲಿ ಕೂತು ಎಲ್ಲವನ್ನೂ ನಡೆಸುವ ಒಂದು ತಂತ್ರಾಂಶವಿದೆ, ಕರ್ನೆಲ್ ಎಂದು. ಅದನ್ನು ಲೋಕದ ನಾನಾ ಮೂಲೆಯ ಜನ ಸೇರಿ ಬರೆಯುತ್ತಾರೆ. ಯಾರು ಬೇಕಾದರೂ ತಿದ್ದುಪಡಿ ಬರೆದು ಇಮೇಲಿನಲ್ಲಿ ಕಳಿಸಬಹುದು, ಹಿರಿಯರು ಒಪ್ಪಿದರೆ ಒಳಗೆ ಸೇರುತ್ತದೆ. ಭಾವ ತಮ್ಮ ಸಣ್ಣ ಬೀಗಗಳನ್ನು ಬರೆದು ಕಳಿಸಿದರು. ವಾಪಸ್ ಬಂತು. ತಿದ್ದಿ ಕಳಿಸಿದರು. ಮತ್ತೆ ಬಂತು. ಹೀಗೇ ನಾಲ್ಕು ವರ್ಷ! ಉತ್ತರ ಬಂದ ದಿನ ಅಕ್ಕ ಕೇಳುತ್ತಲೇ ಇರಲಿಲ್ಲ, ಅವರು ಅನ್ನ ಕಲಸುವುದನ್ನು ನೋಡಿದರೆ ಗೊತ್ತಾಗುತ್ತಿತ್ತು. ಅಂಗಡಿಯ ಕಡೆ ಅವರ ಲಕ್ಷ್ಯವೇ ತಪ್ಪಿತು. ಇದರಿಂದ ಏನು ಸಿಗುತ್ತದೆ ಎಂದು ಒಮ್ಮೆ ನಾನು ಸ್ವಲ್ಪ ಒರಟಾಗಿಯೇ ಕೇಳಿದೆ.

“ಎಂತದೂ ಸಿಕ್ಕುದಿಲ್ಲೆ ಮಾರಾಯ. ಒಂದ್ ಸಲ ಒಳ್ಗ್ ಸೇರ್ರೆ ಸಾಕ್. ಮತ್ತೆ ಅಂಗ್ಡಿ ಬಾಗ್ಲ್ ಹಾಕ್ರೂ ಅಡ್ಡಿಲ್ಲೆ.”

ಆ ಮಾತು ಕೇಳಿ ನನಗೆ ನಗು ಬರಲಿಲ್ಲ. ಅರುವತ್ತರ ಹತ್ತಿರದ ಮನುಷ್ಯ ತಮ್ಮ ಇಡೀ ಬದುಕನ್ನು ಒಂದು ಇಮೇಲಿಗೆ ಕಟ್ಟಿದ್ದರು.

ಕೊನೆಗೆ ಹಿರಿಯರು ಅರ್ಧ ಒಪ್ಪಿದರು. ಆದರೆ ಆ ಬೀಗಗಳನ್ನು ಹಾಕಿದ ಮೇಲೆ ಭಾವನ ಕಂಪ್ಯೂಟರ್ ವಾರಕ್ಕೊಮ್ಮೆ, ಹತ್ತು ದಿನಕ್ಕೊಮ್ಮೆ ಇದ್ದಕ್ಕಿದ್ದ ಹಾಗೆ ಸ್ತಬ್ಧವಾಗುತ್ತಿತ್ತು. ಅದು ಯಾಕೆಂದು ಕಂಡುಹಿಡಿದರೆ ಸರಿ, ಇಲ್ಲವಾದರೆ ಇದೇ ಕೆಲಸಕ್ಕೆ ಇನ್ನೊಬ್ಬರು ಬರೆದದ್ದನ್ನು ತೆಗೆದುಕೊಳ್ಳುತ್ತೇವೆ ಎಂದು ಬರೆದರು. ಭಾವ ಮನೆಯ ಚಾವಡಿಯಲ್ಲಿ ಆರು ಹಳೆ ಕಂಪ್ಯೂಟರುಗಳನ್ನು ಹಗಲೂ ರಾತ್ರಿ ಓಡಿಸಿದರು. ಬಂದವರಿಗೆ ಕೂರಲು ಜಾಗವಿಲ್ಲ. ಬರುವವರೂ ಇರಲಿಲ್ಲ, ಅದು ಬೇರೆ ಮಾತು.

ಅಷ್ಟರಲ್ಲಿ ಅವರಿಗೆ ಡೆಂಗ್ಯೂ ಬಂತು. ಹದಿನೈದು ದಿನ ಹಾಸಿಗೆ. ತಲೆ ಎತ್ತಲಾಗದ ಜ್ವರದಲ್ಲೂ ಒಂದೇ ಕನವರಿಕೆ, ಮಿಷನ್ ನಿಂತಿತಾ, ಮಿಷನ್ ನಿಂತಿತಾ. ಅಕ್ಕನಿಗೆ ಕಂಪ್ಯೂಟರಿನ ಗಂಧ ಗಾಳಿ ಇಲ್ಲ. ಪರದೆಯ ಮೂಲೆಯ ಗಡಿಯಾರ ಓಡುತ್ತಿದೆಯೇ ನೋಡು ಎಂದಷ್ಟೇ ಭಾವ ಹೇಳಿಕೊಟ್ಟಿದ್ದರು. ಗಂಜಿ ಬೇಯಿಸುವುದು, ಹಣೆಗೆ ಒದ್ದೆ ಬಟ್ಟೆ ಹಾಕುವುದು, ಆರು ಗಡಿಯಾರ ನೋಡುವುದು. ಈ ಮಿಷನ್ನುಗಳನ್ನೆಲ್ಲ ಕೋಡಿಯ ಕಡಲಿಗೆ ಎಸೆದು ಬರುತ್ತೇನೆ ಎಂದು ನನ್ನ ಹತ್ತಿರ ಎಷ್ಟು ಸಲ ಹೇಳಿದಳೋ! ಹೇಳಿ, ಮತ್ತೆ ಹೋಗಿ ನೋಡುತ್ತಿದ್ದಳು.

ಹನ್ನೆರಡನೆಯ ದಿನ ಅವಳೇ ಅವರ ಹಾಸಿಗೆಯ ಹತ್ತಿರ ಬಂದು ನಿಂತಳು. ನಾನೂ ಅಲ್ಲೇ ಇದ್ದೆ.

“ಹ್ವಾಯ್, ಕರೆಂಟ್ ಹೋಯಿ ಕೂಡ್ಲೆ ಬಂದ್ರ್ ಮಾತ್ರ ನಿಲ್ತತ್ತ್ ಕಾಣಿ. ಹೋಯಿ ತಡ ಆಯಿ ಬಂದ್ರ್ ನಿಲ್ಲುದಿಲ್ಲೆ. ಮೂರ್ ಸಲ ಕಂಡೆ ನಾನ್.”

ಭಾವ ಜ್ವರದಲ್ಲೇ ಎದ್ದು ಕೂತರು. ಕರೆಂಟು ಹೋದರೆ ಕಂಪ್ಯೂಟರ್ ಬ್ಯಾಟರಿಯ ಮೇಲೆ ನಿಂತು, ತನ್ನಲ್ಲಿದ್ದದ್ದನ್ನೆಲ್ಲ ಅಟ್ಟಕ್ಕೆ ಏರಿಸಿ ಮಲಗಲು ಹೊರಡುತ್ತದೆ. ಅರ್ಧದಲ್ಲೇ ಕರೆಂಟು ಬಂದರೆ ಏರಿಸಿದ್ದನ್ನು ಇಳಿಸಬೇಕು. ಏರಿಸುವವನು ಎರಡು ಬೀಗಗಳನ್ನು ಒಂದು ಕ್ರಮದಲ್ಲಿ ಹಿಡಿಯುತ್ತಿದ್ದ, ಇಳಿಸುವವನು ತಿರುಗಾಮುರುಗಾ. ಇಬ್ಬರೂ ಒಂದೊಂದು ಹಿಡಿದು ನಿಂತರೆ ಮುಗಿಯಿತು. ದೊಡ್ಡ ದೊಡ್ಡ ಊರುಗಳ ಆ ಹಿರಿಯರಿಗೆ ಇದು ಎಲ್ಲಿಂದ ಕಾಣಬೇಕು? ಅವರ ಕರೆಂಟು ನಮ್ಮ ಕರೆಂಟಿನ ಹಾಗೆ ನಿಮಿಷಕ್ಕೆ ಎರಡು ಸಲ ಕಣ್ಣು ಮಿಟುಕಿಸುತ್ತದೆಯೇ?

ಭಾವ ಹಾಸಿಗೆಯಲ್ಲೇ ಕೂತು ಬರೆದು ಕಳಿಸಿದರು. ತಡವಾಗಿತ್ತು. ಇನ್ನೊಬ್ಬರು ಬರೆದದ್ದು ಆಗಲೇ ಒಳಗೆ ಸೇರಿತ್ತು. ಭಾವನ ನಾಲ್ಕು ವರ್ಷದಲ್ಲಿ ಒಂದು ಸಾಲೂ ಉಳಿಯಲಿಲ್ಲ.

ಆಮೇಲೆ ಮೂರು ವಾರ ಅವರು ಅಂಗಡಿ ತೆರೆಯಲಿಲ್ಲ, ಸರಿಯಾಗಿ ಉಣ್ಣಲಿಲ್ಲ. ಜಗಲಿಯಲ್ಲಿ ಗೋಡೆಗೆ ಮುಖ ಮಾಡಿ ಕೂತಿರುತ್ತಿದ್ದರು. ಅಕ್ಕ ಹೆದರಿದಳು. ನನ್ನನ್ನು ಕರೆಸಿ, ಚಾವಡಿಯ ಕಂಪ್ಯೂಟರಿನಲ್ಲಿ ಅವರಿಗೆ ಕೊನೆಗೆ ಬಂದ ಇಮೇಲನ್ನು ಓದಿ ಹೇಳು ಎಂದಳು. ಬೈದಿದ್ದಾರಾ ಏನು ಎಂದು ಅವಳ ಸಂಶಯ. ಬೈದಿರಲಿಲ್ಲ. ಒಳಗೆ ಸೇರಿದ್ದ ಆ ಇನ್ನೊಬ್ಬರ ಬರಹದಲ್ಲೂ ಅದೇ ದೋಷವಿತ್ತಂತೆ, ಭಾವ ತಿಳಿಸಿದ್ದರಿಂದ ಸರಿಯಾಯಿತಂತೆ. ಇಂಥ ತಿದ್ದುಪಡಿಯ ಅಡಿಯಲ್ಲಿ ದೋಷ ಕಂಡವರ ಹೆಸರು ಹಾಕುವುದು ವಾಡಿಕೆ. ನಿಮ್ಮ ಹೆಸರು ಹಾಕಲೇ ಎಂದು ಹಿರಿಯರೊಬ್ಬರು ಅದಕ್ಕೆ ಮೊದಲಿನ ಇಮೇಲಿನಲ್ಲಿ ಕೇಳಿದ್ದರು. ನಾಲ್ಕು ವರ್ಷಕ್ಕೆ ದಕ್ಕಬಹುದಾಗಿದ್ದ ಒಂದೇ ಒಂದು ಸಾಲು. ಭಾವ ಉತ್ತರ ಬರೆದಿದ್ದರು. ಕೊನೆಯ ಇಮೇಲಿನಲ್ಲಿ ಆ ಸಾಲು ಇತ್ತು. ಅದರಲ್ಲಿ ಇದ್ದದ್ದು ನನ್ನ ಅಕ್ಕನ ಹೆಸರು.

ಜಗಲಿಗೆ ಹೋಗಿ ನಿಮ್ಮ ಹೆಸರು ಯಾಕೆ ಕೊಡಲಿಲ್ಲ ಭಾವ ಎಂದು ಕೇಳಿದೆ. ಅವರು ಗೋಡೆಯಿಂದ ಕಣ್ಣು ತೆಗೆಯದೆ, ಇಷ್ಟೂ ತಿಳಿಯದೇ ಎಂಬಂತೆ ಹೇಳಿದರು:

“ಕಂಡದ್ದ್ ಅವ್ಳಲ್ದಾ? ನಾನ್ ಮನಿಕಂಡಿದ್ದೆ.”

ಅಕ್ಕ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. ಆಮೇಲೆ ಬಂದು ಅವರ ಪಕ್ಕದಲ್ಲಿ, ನೆಲದ ಮೇಲೆ ಕೂತಳು.

“ಇನ್ನೊಂದ್ ಬರೆದ್ ಕಳ್ಸಿ,” ಅಂದಳು. “ಮಿಷನ್ ನಾನ್ ಕಾಂತೆ.”